ಕೊಳೆಯುವುದು, ಕಳಿಯುವುದು: ತಿಪ್ಪೆ ಕಲಿಸುವ ಪಾಠ

ಕನ್ನಡದಲ್ಲಿ ‘ಕೊಳೆ’ ಮತ್ತು ‘ಕಳಿ’ ಎಂಬ ಎರಡು ಕ್ರಿಯಾಪದಗಳಿವೆ. ಕೆಟ್ಟು ನಾರುವುದು ಕೊಳೆಯುವುದು, ಪಕ್ವವಾಗುವುದು ಕಳಿಯುವುದು. ಹಣ್ಣು ಕಳಿಯುತ್ತದೆ, ಗೊಬ್ಬರವೂ ಕಳಿಯುತ್ತದೆ. ‘ಚೆನ್ನಾಗಿ ಕಳಿತ ಗೊಬ್ಬರ’ ಎನ್ನುವ ರೈತನು ಮಾಗಿದ ಹಣ್ಣಿಗೂ ಮಾಗಿದ ಗೊಬ್ಬರಕ್ಕೂ ಒಂದೇ ಮಾತನ್ನು ಬಳಸುತ್ತಾನೆ. ಇಂದು ‘ಕಾಂಪೋಸ್ಟ್’ ಎಂದು ನಾವು ಕರೆಯುವ ವಿದ್ಯೆಯ ಸಾರವೆಲ್ಲ ಈ ಎರಡು ಪದಗಳ ಅಂತರದಲ್ಲಿದೆ.

ಪದದ ಎರಡು ಮುಖ

ಈ ವಿದ್ಯೆಯ ನೆಲೆ ತಿಪ್ಪೆ. ತೆಲುಗಿನಲ್ಲಿ ‘ತಿಪ್ಪ’ ಎಂದರೆ ದಿಬ್ಬ, ರಾಶಿ; ಕನ್ನಡದಲ್ಲಿ ‘ತಿಪ್ಪೆ’ಯು ಕಸ ಮತ್ತು ಗೊಬ್ಬರದ ರಾಶಿಗೆ ನಿಂತಿತು. ಜತ್ತ ತಾಲೂಕಿನ ವಿದ್ಯಾರ್ಥಿಗಳು ಇದನ್ನೇ ಮರಾಠಿಯಲ್ಲಿ ‘ಉಕಿರಡಾ’ ಎಂದು ಬಲ್ಲರು. ನಮ್ಮ ನುಡಿಗಟ್ಟುಗಳು ತಿಪ್ಪೆಯನ್ನು ಹೀನಾಯವಾಗಿಯೇ ಕಂಡಿವೆ. ತಪ್ಪನ್ನು ಮುಚ್ಚಿಹಾಕುವುದು ‘ತಿಪ್ಪೆ ಸಾರಿಸುವುದು’. ಯೋಗ್ಯತೆ ಮೀರಿದ ಆಸೆ ‘ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಾಣುವುದು’. ಆದರೆ ಆಚರಣೆಗಳು ಬೇರೆಯದನ್ನೇ ಹೇಳುತ್ತವೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮತ್ತೊಂದು ಮಗು ಹುಟ್ಟಿದಾಗ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವ ವಾಡಿಕೆಯಿತ್ತು. ದೀಪಾವಳಿಯ ಪಾಡ್ಯದಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ಮಾತಿನಲ್ಲಿ ತುಚ್ಛವಾದದ್ದು ಬಾಳಿನಲ್ಲಿ ಪೂಜ್ಯವಾಗಿತ್ತು. ಮನೆಯ ಸ್ಥಿತಿಗತಿಯನ್ನು ಅಂಗಳದ ತಿಪ್ಪೆಯಿಂದಲೂ, ಹೊಲಕ್ಕೆ ಹೇರಿದ ಗೊಬ್ಬರದ ಚಕ್ಕಡಿಗಳಿಂದಲೂ ಅಳೆಯುವ ಕಾಲವೊಂದಿತ್ತು.

ಕಳಿಯುವ ಬಗೆ

ರಾಶಿ ಹಾಕಿದ ಕಸವೆಲ್ಲ ಗೊಬ್ಬರವಾಗದು. ಕಳಿಸುವ ಕೆಲಸವನ್ನು ಮಾಡುವವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಆಹಾರ, ಗಾಳಿ, ತೇವ ಮೂರೂ ಹದವಾಗಿ ಬೇಕು. ಜೋಳದ ದಂಟು, ತೊಗರಿಯ ಹೊಟ್ಟು, ಒಣಗಿದ ಎಲೆಗಳಲ್ಲಿ ಇಂಗಾಲ ಹೆಚ್ಚು; ಸಗಣಿ, ಗಂಜಲ, ಹಸಿ ಸೊಪ್ಪುಗಳಲ್ಲಿ ಸಾರಜನಕ ಹೆಚ್ಚು. ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 30 ಪಾಲು ಇದ್ದರೆ ಕಾರ್ಯ ಸುಗಮ. ತೇವವು ಶೇ. 50ರಿಂದ 60ರಷ್ಟಿರಬೇಕು, ಅಂದರೆ ಹಿಡಿಯಲ್ಲಿ ಒತ್ತಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಗಾಳಿಯಾಡುವ ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕಾವಿನಲ್ಲಿ ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಗಾಳಿಯಿಲ್ಲದೆ ನೀರು ನಿಂತ ರಾಶಿ ಕೊಳೆಯುತ್ತದೆ, ನಾರುತ್ತದೆ, ಭೂಮಿಯ ತಾಪವನ್ನು ಹೆಚ್ಚಿಸುವ ಮೀಥೇನ್ ಅನಿಲವನ್ನು ಹೊರಬಿಡುತ್ತದೆ.

ಮೂರು ಊರುಗಳ ಮೂರು ವಿಧಾನ

ಈ ಅರಿವಿಗೆ ಶಾಸ್ತ್ರದ ರೂಪ ಬಂದದ್ದು ಕಳೆದ ಶತಮಾನದಲ್ಲಿ. 1924ರಿಂದ 1931ರವರೆಗೆ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡ್ ಭಾರತ ಮತ್ತು ಚೀನದ ರೈತರ ರೂಢಿಗಳಿಂದ ಕಲಿತು ‘ಇಂದೂರು ವಿಧಾನ’ವನ್ನು ರೂಪಿಸಿದರು. ಇದರಲ್ಲಿ ರಾಶಿಯನ್ನು ಆಗಾಗ ತಿರುವಿಹಾಕಿ ನೀರು ಚಿಮುಕಿಸಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ‘ಬೆಂಗಳೂರು ವಿಧಾನ’ವನ್ನು ನೀಡಿದರು. ಗುಂಡಿಯಲ್ಲಿ ಕಸವನ್ನು ಪದರ ಪದರವಾಗಿ ತುಂಬಿ, ನೆನೆಸಿ, ಮೇಲೆ ಕೆಸರು ಮೆತ್ತಿ ಬಿಡುವುದು ಇದರ ಕ್ರಮ. ತಿರುವುವ ದುಡಿಮೆಯಿಲ್ಲ, ಮತ್ತೆ ಮತ್ತೆ ನೀರುಣಿಸುವ ಅಗತ್ಯವಿಲ್ಲ. ಆದರೆ ಗೊಬ್ಬರಕ್ಕಾಗಿ ಸುಮಾರು ಎಂಟು ತಿಂಗಳು ಕಾಯಬೇಕು. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದ ಎನ್. ಡಿ. ಪಂಢರಿಪಾಂಡೆ ಅವರ ಹೆಸರಿನಿಂದಲೇ ‘ನಾಡೆಪ್’ ವಿಧಾನ ಬಂದಿದೆ. ಗಾಳಿಗಂಡಿಗಳನ್ನು ಬಿಟ್ಟು ಇಟ್ಟಿಗೆಯಿಂದ ಕಟ್ಟಿದ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ತೊಟ್ಟಿಯಲ್ಲಿ, ಸುಮಾರು 100 ಕಿಲೋ ಸಗಣಿಯಿಂದಲೇ ಅಪಾರ ಕೃಷಿತ್ಯಾಜ್ಯವನ್ನು ಮೂರು ನಾಲ್ಕು ತಿಂಗಳಲ್ಲಿ ಕಳಿಸಬಹುದು. ದನಗಳು ಕಡಿಮೆಯಾದ ಮನೆಗೆ ಇದು ತಕ್ಕದ್ದು.

ಜತ್ತಕ್ಕೆ ಇದರ ಅರ್ಥ

ಜತ್ತವು ಮಳೆನೆರಳಿನ ನಾಡು. ನೀರಿಗಾಗಿ ಇಲ್ಲಿನ ಹಳ್ಳಿಗಳು ದಶಕಗಳಿಂದ ಮೊರೆಯಿಡುತ್ತ ಬಂದಿವೆ. ಇಂಥ ನೆಲದಲ್ಲಿ ಗೊಬ್ಬರವನ್ನು ಕೇವಲ ಪೋಷಕಾಂಶದ ಲೆಕ್ಕದಲ್ಲಿ ನೋಡಿದರೆ ಅದು ಸೋಲುತ್ತದೆ. ಯೂರಿಯಾದಲ್ಲಿ ಸಾರಜನಕ ಶೇ. 46, ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ. 0.5 ಮಾತ್ರ. ಗೊಬ್ಬರದ ಹಿರಿಮೆ ಬೇರೆಡೆ ಇದೆ. ಅದು ಮಣ್ಣಿನ ಕಣಗಳನ್ನು ಬೆಸೆದು, ಬಿದ್ದ ಮಳೆಯನ್ನು ಒಳಗಿಳಿಸಿ, ಬೇರಿನ ಬಳಿ ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಕಾಲುವೆಯ ನೀರು ಬರಲಿ ಬಾರದಿರಲಿ, ಹಿಂಗಾರಿ ಜೋಳಕ್ಕೆ ಅಷ್ಟು ತೇವವೇ ಆಸರೆ. ಬಿಸಿಲಿನಲ್ಲಿ ತೆರೆದುಬಿದ್ದ ತಿಪ್ಪೆಯಿಂದ ತೇವವೂ ಸಾರಜನಕವೂ ಆರಿಹೋಗುತ್ತವೆ. ಆದುದರಿಂದ ಇಲ್ಲಿ ಬೇವಿನ ನೆರಳಿನ, ಮಣ್ಣು ಮೆತ್ತಿದ ಗುಂಡಿಯೇ ಲೇಸು.

ಗೊಬ್ಬರವು ಸಮುದಾಯವನ್ನೂ ಬೆಸೆಯುತ್ತದೆ. ಮಾಡಗ್ಯಾಳ ಕುರಿಯ ತಳಿಗೆ ನಮ್ಮ ತಾಲೂಕಿನ ಊರಿನದೇ ಹೆಸರು. ಕುರಿಗಾರರು ರೈತರ ಹೊಲದಲ್ಲಿ ರಾತ್ರಿ ಕುರಿ ತರುಬುವುದು, ರೈತರು ಪ್ರತಿಯಾಗಿ ಕಾಳು ಅಥವಾ ಹಣ ಕೊಡುವುದು, ಇದು ಎರಡು ವೃತ್ತಿಗಳ ನಡುವಿನ ಹಳೆಯ ಒಡಂಬಡಿಕೆ. ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಬರುವ ಹೂವು, ಎಲೆ, ದಾಸೋಹದಲ್ಲಿ ಉಳಿದ ಅನ್ನ ಇವೆಲ್ಲವೂ ಕಳಿತು ಹೊಲ ಸೇರಿದರೆ ದಾಸೋಹವು ಮಣ್ಣಿನವರೆಗೆ ವಿಸ್ತರಿಸಿದಂತಾಗುತ್ತದೆ. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು. ಪ್ಲಾಸ್ಟಿಕ್ ಬೆರೆತ ತಿಪ್ಪೆ ಎಂದಿಗೂ ಕಳಿಯದು.

ತಿಪ್ಪೆ ಅಂಗಳದಿಂದ ಮರೆಯಾದಂತೆ ಅದರ ಸುತ್ತಲಿನ ಪದಗಳೂ ಮರೆಯಾಗುತ್ತಿವೆ. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರನ್ನು ಕೇಳಿ ಗೊಬ್ಬರಕ್ಕೆ ಸಂಬಂಧಿಸಿದ ಹತ್ತು ಪದಗಳನ್ನು, ಅವುಗಳ ಮರಾಠಿ ರೂಪಗಳೊಡನೆ ಬರೆದುಕೊಂಡು ಬನ್ನಿರಿ. ಜೊತೆಗೆ ನೆರಳಿನಲ್ಲೊಂದು ಗುಂಡಿಯನ್ನೂ ತೋಡಿರಿ. ಪದ ಉಳಿಯಬೇಕಾದರೆ ಪದಾರ್ಥವೂ ಉಳಿಯಬೇಕು.