ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆ: ಬೆಳಗ್ಗೆಯೋ ಸಂಜೆಯೋ?

ಮಿದುಳಿನ ಗಡ್ಡೆಗೆ ನೀಡುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ಒಂದು ದಿನದಲ್ಲಿ ಮುಗಿಯುವಂಥದಲ್ಲ. ರೋಗಿಯು ಹಲವು ವಾರಗಳ ಕಾಲ, ವಾರದಲ್ಲಿ ಐದು ದಿನ, ಆಸ್ಪತ್ರೆಗೆ ಬಂದುಹೋಗಬೇಕಾಗುತ್ತದೆ. ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಆದುದರಿಂದ ಕೆಲವರಿಗೆ ಬೆಳಗಿನ ವೇಳೆಯೂ ಕೆಲವರಿಗೆ ಸಂಜೆಯ ವೇಳೆಯೂ ದೊರೆಯುತ್ತದೆ. ಹೊತ್ತು ಬದಲಾದರೆ ಚಿಕಿತ್ಸೆಯ ಫಲವೂ ಬದಲಾಗುವುದೇ ಎಂಬ ಪ್ರಶ್ನೆ ಆಗ ರೋಗಿಗೂ ಮನೆಯವರಿಗೂ ಏಳುವುದು ಸಹಜ.

ಪುಣೆ ನಗರದ ದಕ್ಷಿಣ ಭಾಗದಲ್ಲಿರುವ ಬಿಬವೇವಾಡಿಯಂಥ ಬಡಾವಣೆಯಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. ಇಲ್ಲಿ ಕಾರ್ಮಿಕ ರಾಜ್ಯ ವಿಮಾ ನಿಗಮದ ಆಸ್ಪತ್ರೆಯಿದೆ. ಕರ್ನಾಟಕದ ಉತ್ತರ ಜಿಲ್ಲೆಗಳಿಂದ ದುಡಿಮೆಗಾಗಿ ಪುಣೆಗೆ ಬಂದು ನೆಲೆಸಿದ ಕನ್ನಡಿಗರೂ ಅನೇಕರಿದ್ದಾರೆ. ವಿಮಾ ಆಸ್ಪತ್ರೆಯಲ್ಲಿ ದೊರೆಯದ ವಿಶೇಷ ಚಿಕಿತ್ಸೆಗಾಗಿ ರೋಗಿಯನ್ನು ನಿಗಮದೊಡನೆ ಒಪ್ಪಂದವಿರುವ ಬೇರೆ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿದೆ. ಪಾಳಿಯ ಕೆಲಸ ಮಾಡುವವನಿಗೆ, ದಿನಗೂಲಿಯವನ ಮನೆಗೆ, ಬೆಳಗ್ಗೆಯೇ ಹೋಗಬೇಕೋ ಸಂಜೆಯಾದರೂ ಸಾಕೋ ಎಂಬುದು ಅಂದಿನ ಸಂಪಾದನೆಯ ಮಾತೂ ಆಗಿರುತ್ತದೆ.

ದೇಹದೊಳಗಿನ ಗಡಿಯಾರ

ಹಸಿವು, ನಿದ್ರೆ, ದೇಹದ ಉಷ್ಣತೆ, ರಕ್ತದೊತ್ತಡ ಇವೆಲ್ಲ ಸುಮಾರು 24 ಗಂಟೆಗಳ ಆವರ್ತನದಲ್ಲಿ ಏರಿಳಿಯುತ್ತವೆ. ಇದನ್ನು ಜೈವಿಕ ಲಯ ಎನ್ನುತ್ತಾರೆ. ಮಿದುಳಿನ ತಳಭಾಗದ ಹೈಪೊಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ಕಣ್ಣಿನ ಮೂಲಕ ಬರುವ ಬೆಳಕಿಗೆ ಅನುಗುಣವಾಗಿ ಅದು ಇಡೀ ದೇಹದ ಗಡಿಯಾರವನ್ನು ಹೊಂದಿಸುತ್ತದೆ. ಈ ಗಡಿಯಾರವು ಜೀವಕೋಶದೊಳಗೆ ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿಕಿರಣವು ಜೀವಕೋಶದ ಡಿ.ಎನ್.ಎ. ತಂತುಗಳನ್ನು ತುಂಡರಿಸುತ್ತದೆ. ವಿಭಜನೆಗೆ ಸಿದ್ಧವಾಗಿರುವ ಕೋಶ ಬೇಗ ಹಾನಿಗೊಳ್ಳುತ್ತದೆ. ವಿಶ್ರಾಂತಿಯಲ್ಲಿರುವ ಕೋಶ ಹೆಚ್ಚು ತಾಳಿಕೊಳ್ಳುತ್ತದೆ. ಆರೋಗ್ಯವಂತ ಕೋಶಗಳ ವಿಭಜನೆ ಮತ್ತು ದುರಸ್ತಿ ಗಡಿಯಾರಕ್ಕೆ ಒಳಪಟ್ಟಿದ್ದರೆ, ಅವು ಹೆಚ್ಚು ತಾಳಿಕೊಳ್ಳುವ ಹೊತ್ತನ್ನು ಆರಿಸಿ ವಿಕಿರಣ ನೀಡಬಹುದಲ್ಲವೇ ಎಂಬುದು ವಿಜ್ಞಾನಿಗಳ ತರ್ಕ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬೆಳಗ್ಗೆ ವಿಕಿರಣಕ್ಕೆ ಒಡ್ಡಿದ ಇಲಿಗಳು ಶೇಕಡ 85ರಷ್ಟು ಕೂದಲನ್ನು ಕಳೆದುಕೊಂಡವು. ಸಂಜೆ ಒಡ್ಡಿದವು ಕಳೆದುಕೊಂಡದ್ದು ಶೇಕಡ 17 ಮಾತ್ರ. ಆದರೆ ಇಲಿ ನಿಶಾಚರ ಪ್ರಾಣಿ. ಅದರ ಬೆಳಗು ಮನುಷ್ಯನ ಬೆಳಗಲ್ಲ.

ರೋಗಿಗಳಲ್ಲಿ ಕಂಡದ್ದೇನು?

ಮನುಷ್ಯರಲ್ಲಿ ನಡೆದ ಅಧ್ಯಯನಗಳು ಒಂದೇ ದಿಕ್ಕನ್ನು ತೋರಿಸುವುದಿಲ್ಲ. ಕೆನಡಾದಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರಿನ ರೋಗಿಗಳನ್ನು ಬೆಳಗಿನ ಹಾಗೂ ಮಧ್ಯಾಹ್ನಾನಂತರದ ಗುಂಪುಗಳಾಗಿ ವಿಂಗಡಿಸಿ ನಡೆಸಿದ ಪರೀಕ್ಷೆಯ ಫಲ 2009ರಲ್ಲಿ ಹೊರಬಂದಿತು. ಬಾಯಿಯ ತೀವ್ರ ಹುಣ್ಣು ಬೆಳಗಿನವರಲ್ಲಿ ತುಸು ಕಡಿಮೆ ಕಂಡರೂ, ಆ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಲಕ್ನೋದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕರುಳಿನ ತೊಂದರೆ ಬೆಳಗಿನ ಗುಂಪಿನಲ್ಲೇ ಹೆಚ್ಚಾಗಿತ್ತು.

ಮಿದುಳಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಶ್ವಾಸಕೋಶದ ಕ್ಯಾನ್ಸರು ಮಿದುಳಿಗೆ ಹರಡಿದ 58 ಜನರಿಗೆ ನೀಡಿದ ಗಾಮಾ ನೈಫ್ ಚಿಕಿತ್ಸೆಯ ದಾಖಲೆಗಳನ್ನು ಅಮೆರಿಕದಲ್ಲಿ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಮಧ್ಯಾಹ್ನ ಹನ್ನೆರಡೂವರೆಯೊಳಗೆ ಚಿಕಿತ್ಸೆ ಪಡೆದವರ ಗಡ್ಡೆ ಹೆಚ್ಚು ಹತೋಟಿಗೆ ಬಂದಿತ್ತು. ಅವರ ಆಯುಷ್ಯವೂ ಹೆಚ್ಚಾಗಿತ್ತು. ಆದರೆ ಅಮೆರಿಕದಲ್ಲೇ ನಾನೂರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮಿದುಳಿನಲ್ಲಿಯೇ ಹುಟ್ಟುವ ಉಗ್ರ ಸ್ವರೂಪದ ಗ್ಲಯೋಮಾ ಗಡ್ಡೆಗಳ ಬಗ್ಗೆ 2021ರಲ್ಲಿ ಬಂದ ವರದಿಯೂ ಬೆಳಗಿನ ಮತ್ತು ಮಧ್ಯಾಹ್ನಾನಂತರದ ಚಿಕಿತ್ಸೆಗಳ ನಡುವೆ ಗಣನೀಯ ಅಂತರವನ್ನು ಕಾಣಲಿಲ್ಲ.

ಹಳೆಯ ದಾಖಲೆಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ಯಾರಿಗೆ ಬೆಳಗಿನ ವೇಳೆ ಸಿಕ್ಕಿತೆಂಬುದು ಕೇವಲ ಅದೃಷ್ಟವಲ್ಲ. ದೂರದಿಂದ ಬರುವವರು, ಒಳರೋಗಿಗಳು, ಅರಿವಳಿಕೆ ಬೇಕಾದ ಮಕ್ಕಳು ಇವರಿಗೆಲ್ಲ ಬೇರೆ ಬೇರೆ ಕಾರಣಗಳಿಂದ ಬೇರೆ ಬೇರೆ ವೇಳೆ ಗೊತ್ತಾಗುತ್ತದೆ. ಆ ಕಾರಣಗಳೇ ಫಲವನ್ನೂ ಬದಲಿಸಿರಬಹುದು. ಆದ್ದರಿಂದ ಇಂದಿನ ತಿಳಿವಳಿಕೆಯಂತೆ, ಮಿದುಳಿನ ಗಡ್ಡೆಗೆ ಬೆಳಗಿನ ವಿಕಿರಣವೇ ಶ್ರೇಷ್ಠವೆಂದಾಗಲಿ ಸಂಜೆಯದು ನಿಷ್ಫಲವೆಂದಾಗಲಿ ಹೇಳಲು ಆಧಾರವಿಲ್ಲ.

ಹೊತ್ತಿಗಿಂತ ನಿಯಮ ಮುಖ್ಯ

ಗ್ಲಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಗೆ ರೂಢಿಯಲ್ಲಿರುವ ಪ್ರಮಾಣ 60 ಗ್ರೇ. ಇದನ್ನು 30 ಪಾಲುಗಳಾಗಿ ಆರು ವಾರಗಳಲ್ಲಿ ಕೊಡುತ್ತಾರೆ. ಇದರ ಜೊತೆಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಸೇರಿಸುವ ಕ್ರಮ 2005ರಲ್ಲಿ ಪ್ರಕಟವಾದ ಯುರೋಪ್ ಮತ್ತು ಕೆನಡಾಗಳ ಜಂಟಿ ಪರೀಕ್ಷೆಯ ನಂತರ ನೆಲೆಗೊಂಡಿತು. ಪಾಲುಮಾಡಿ ಕೊಡುವುದರಿಂದ ಎರಡು ಪಾಲುಗಳ ನಡುವೆ ಆರೋಗ್ಯವಂತ ಕೋಶಗಳು ಚೇತರಿಸಿಕೊಳ್ಳುತ್ತವೆ. ಆದರೆ ಮಧ್ಯೆ ದಿನಗಳು ತಪ್ಪಿದರೆ ಉಳಿದ ಗಡ್ಡೆಕೋಶಗಳಿಗೂ ಬೆಳೆಯಲು ಅವಕಾಶ ಸಿಗುತ್ತದೆ. ಬೆಳಗಿನ ವೇಳೆ ಸಿಗಲೆಂದು ಚಿಕಿತ್ಸೆಯ ಆರಂಭವನ್ನು ವಾರಗಟ್ಟಲೆ ಮುಂದೂಡುವುದಕ್ಕಿಂತ, ಸಿಕ್ಕ ವೇಳೆಗೆ ತಪ್ಪದೆ ಹೋಗುವುದು ಲೇಸು. ಅನಿವಾರ್ಯವಾಗಿ ಒಂದು ದಿನ ತಪ್ಪಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಗಡಿಯಾರ ನಿಜವಾಗಿ ಬೇಕಾಗುವ ಸಂಗತಿಗಳು

ವಿಕಿರಣದ ವೇಳೆ ಅಷ್ಟು ಮುಖ್ಯವಲ್ಲದಿದ್ದರೂ, ಇತರ ಕೆಲವು ವಿಷಯಗಳಲ್ಲಿ ಹೊತ್ತನ್ನು ಗಮನಿಸಲೇಬೇಕು.

ಮಿದುಳಿನ ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನಿದ್ರೆಯನ್ನು ಕೆಡಿಸುತ್ತದೆ. ವೈದ್ಯರು ಬೇರೆ ರೀತಿ ಹೇಳದಿದ್ದರೆ ಅದನ್ನು ಬೆಳಗ್ಗೆ ಊಟ ಅಥವಾ ತಿಂಡಿಯ ನಂತರ ತೆಗೆದುಕೊಳ್ಳುವುದು ಒಳ್ಳೆಯದು. ಎರಡು ಹೊತ್ತು ಹೇಳಿದ್ದರೆ ಎರಡನೆಯದನ್ನು ತೀರ ರಾತ್ರಿ ಮಾಡಬಾರದು. ಈ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಥಟ್ಟನೆ ನಿಲ್ಲಿಸುವುದು ಅಪಾಯಕರ.

ಫಿಟ್ಸ್ ತಡೆಯುವ ಮಾತ್ರೆಗಳನ್ನು ಪ್ರತಿದಿನವೂ ಅದೇ ಗಂಟೆಗೆ ನುಂಗಬೇಕು. ವಿಕಿರಣಕ್ಕೆ ಹೊರಡುವ ಗಡಿಬಿಡಿಯಲ್ಲಿ ಇದು ತಪ್ಪಬಾರದು. ಟೆಮೊಜೊಲೊಮೈಡ್ ಗುಳಿಗೆಯನ್ನು ಹಲವು ಕೇಂದ್ರಗಳಲ್ಲಿ ಖಾಲಿ ಹೊಟ್ಟೆಯಲ್ಲಿ, ವಿಕಿರಣಕ್ಕೆ ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ವಿಕಿರಣದ ವೇಳೆ ಬದಲಾದರೆ ಗುಳಿಗೆಯ ವೇಳೆಯೂ ಬದಲಾಗಬೇಕೇ ಎಂದು ಕೇಳಿ ತಿಳಿಯಬೇಕು. ಅರಿವಳಿಕೆ ಬೇಕಾದ ಮಗುವಿಗೆ ಉಪವಾಸದ ಅವಧಿ ದೀರ್ಘವಾಗದಂತೆ ಬೆಳಗಿನ ವೇಳೆಯನ್ನು ಕೇಳಿಕೊಳ್ಳುವುದು ನ್ಯಾಯವಾದ ಬೇಡಿಕೆ.

ಬೆಳಗ್ಗೆ ಏಳುವಾಗ ಹೆಚ್ಚುವ ತಲೆನೋವು ಮತ್ತು ವಾಂತಿ ತಲೆಬುರುಡೆಯೊಳಗಿನ ಒತ್ತಡ ಏರಿದ್ದರ ಸೂಚನೆಯಾಗಿರಬಹುದು. ಮಂಪರು ಹೆಚ್ಚುವುದು, ಕೈಕಾಲಿನ ಬಲ ಕುಂದುವುದು, ಫಿಟ್ಸ್ ಬರುವುದು ಕಂಡರೆ ಮರುದಿನದ ಸರದಿಗಾಗಿ ಕಾಯದೆ ಆಸ್ಪತ್ರೆಗೆ ಕರೆತರಬೇಕು. ವಿಕಿರಣ ಚಿಕಿತ್ಸೆಯ ವೇಳೆ ಆಯಾಸ ಬರುವುದು ಸಾಮಾನ್ಯ. ರಾತ್ರಿ ನಿಗದಿತ ಹೊತ್ತಿಗೆ ಮಲಗುವುದು, ಹಗಲು ಸ್ವಲ್ಪ ಬೆಳಕಿನಲ್ಲಿ ನಡೆಯುವುದು ಇದಕ್ಕೆ ನೆರವಾಗುತ್ತವೆ.

ಕುಟುಂಬದವರು ಮಾಡಬೇಕಾದ್ದು

ಚಿಕಿತ್ಸೆ ಆರಂಭವಾಗುವ ಮೊದಲೇ ಒಟ್ಟು ಎಷ್ಟು ದಿನ, ಯಾವ ವೇಳೆ, ಯಂತ್ರ ಕೆಟ್ಟರೆ ಏನು ವ್ಯವಸ್ಥೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮರಾಠಿ ಸರಿಯಾಗಿ ಬಾರದ ರೋಗಿಯೊಡನೆ ಆ ಭಾಷೆ ಬಲ್ಲ ನೆಂಟರೊಬ್ಬರು ಹೋಗುವುದು ಉತ್ತಮ. ನೌಕರಿಯ ಪಾಳಿಗೆ ಹೊಂದುವ ವೇಳೆಯನ್ನು ವಿಭಾಗದವರಲ್ಲಿ ಸಂಕೋಚವಿಲ್ಲದೆ ಕೇಳಬಹುದು. ಕಾರ್ಮಿಕ ರಾಜ್ಯ ವಿಮಾ ಯೋಜನೆಯಲ್ಲಿ ಕ್ಯಾನ್ಸರಿನಂಥ ದೀರ್ಘಕಾಲದ ರೋಗಗಳಿಗೆ ವಿಸ್ತೃತ ಅಸ್ವಸ್ಥತಾ ಸೌಲಭ್ಯವಿದೆ. ಸೇವಾವಧಿ ಮತ್ತು ವಂತಿಗೆಯ ಷರತ್ತುಗಳನ್ನು ಪೂರೈಸಿದ ಕಾರ್ಮಿಕನಿಗೆ ವೇತನದ ಶೇಕಡ 80ರಷ್ಟು ಮೊತ್ತ ದೊರೆಯುತ್ತದೆ. ಇದನ್ನು ತಿಳಿಯದೆ ಕೂಲಿ ಹೋಗುತ್ತದೆಂಬ ಭಯದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು.

ಜೈವಿಕ ಗಡಿಯಾರದ ಅಧ್ಯಯನ ಮುಂದುವರಿದಿದೆ. ಮುಂದೊಂದು ದಿನ ಪ್ರತಿಯೊಬ್ಬ ರೋಗಿಗೂ ಒಪ್ಪುವ ಹೊತ್ತನ್ನು ಹೇಳುವುದು ಸಾಧ್ಯವಾಗಬಹುದು. ಅಲ್ಲಿಯವರೆಗೆ ರೋಗಿಯ ಕೈಯಲ್ಲಿರುವ ಉಪಾಯ ಸರಳವಾದುದು: ಕೊಟ್ಟ ವೇಳೆಗೆ, ಹೇಳಿದಷ್ಟು ದಿನ, ಒಂದೂ ತಪ್ಪದಂತೆ ಚಿಕಿತ್ಸೆಯನ್ನು ಪೂರ್ಣಗೊಳಿಸುವುದು.