ಮನಸ್ಸಿನ ಸಂಕಟಕಾಲದಲ್ಲಿ ಮನೆಯೋ, ಆಸ್ಪತ್ರೆಯೋ?

ದೇಹಕ್ಕೆ ಜ್ವರ ಬಂದರೆ ನೆರೆಹೊರೆಯವರು ಹಣ್ಣು ಹಿಡಿದು ನೋಡಲು ಬರುತ್ತಾರೆ. ಮನಸ್ಸು ಕದಡಿದರೆ ಮನೆಯವರೇ ಬಾಗಿಲು ಹಾಕಿಕೊಳ್ಳುತ್ತಾರೆ. ದಿನಗಟ್ಟಲೆ ನಿದ್ರೆಯಿಲ್ಲದಿರುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ, ಅನ್ನನೀರು ಬಿಡುವುದು, ಬದುಕೇ ಬೇಡವೆನ್ನುವುದು ಇವೆಲ್ಲ ಮಾನಸಿಕ ಕಾಯಿಲೆ ಉಲ್ಬಣಿಸಿರುವುದರ ಲಕ್ಷಣಗಳು. ಇಂಥ ವೇಳೆಯಲ್ಲಿ ದೊರೆತ ಆರೈಕೆಯಿಂದ ರೋಗಿಗೆ ತೃಪ್ತಿಯಾಯಿತೇ ಎಂದು ಕೇಳುವವರು ವಿರಳ. ಆದರೆ ಅವಮಾನ ಉಂಡು ಮರಳಿದವನು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ, ಮಾತ್ರೆ ಬಿಡುತ್ತಾನೆ, ಕಾಯಿಲೆ ಮರುಕಳಿಸುತ್ತದೆ. ಆದುದರಿಂದ ರೋಗಿಯ ತೃಪ್ತಿಯೂ ಚಿಕಿತ್ಸೆಯ ಒಂದು ಅಂಗ.

ನಮ್ಮ ನಾಡಿನ ಅನುಭವ

1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಅವರು ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಬಂಧುಗಳೂ ಉಳಿಯುವಂತೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಕುಟುಂಬವನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿತು. ಅದರ ವೈದ್ಯರು 1970ರ ದಶಕದಲ್ಲಿ ಸಕಲವಾರದ ಗ್ರಾಮೀಣ ಕೇಂದ್ರದಿಂದ ಹಳ್ಳಿಗಳಿಗೆ ಹೋದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಊರ ಹತ್ತಿರವೇ ಔಷಧ ದೊರೆಯುವಂತೆ ಮಾಡಲಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು.

ತೃಪ್ತಿಯನ್ನು ಅಳೆದವರು

ಲಂಡನ್ನಿನ ಇಸ್ಲಿಂಗ್ಟನ್ ಪ್ರದೇಶದ 260 ಜನರ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸಂಕಟದಲ್ಲಿದ್ದ ಕೆಲವರ ಮನೆಗೆ ಚಿಕಿತ್ಸಾ ತಂಡವೇ ಹೋಯಿತು. ಉಳಿದವರಿಗೆ ರೂಢಿಯ ಚಿಕಿತ್ಸೆ ದೊರೆಯಿತು. ಮೊದಲನೆಯ ಗುಂಪಿನಲ್ಲಿ ಆಸ್ಪತ್ರೆಗೆ ದಾಖಲಾಗುವವರು ಗಣನೀಯವಾಗಿ ಕಡಿಮೆಯಾದರು. ತೃಪ್ತಿಯೂ ಅವರಲ್ಲಿ ಹೆಚ್ಚಿತ್ತು, ಆದರೆ ಅಂತರ ಅಲ್ಪವೇ. ಇಲ್ಲಿ ಒಂದು ಎಚ್ಚರ ಅಗತ್ಯ. ಅಲ್ಲಿ ಮೆಚ್ಚುಗೆ ಪಡೆದದ್ದು ತಂಡದ ಆಸರೆಯುಳ್ಳ ಮನೆಯ ಆರೈಕೆ. ವೈದ್ಯರಿಲ್ಲದೆ, ಔಷಧವಿಲ್ಲದೆ, ತಾಯಿಯೋ ಹೆಂಡತಿಯೋ ಒಬ್ಬಳೇ ರಾತ್ರಿಯೆಲ್ಲ ಕಾವಲು ಕೂರುವುದು ಮನೆಯ ಆರೈಕೆ ಎನಿಸಿಕೊಳ್ಳದು.

ಎಲ್ಲಿ, ಯಾವಾಗ?

ಹಳೇಬೀಡಿನ ಬಳಿಯ ಹುಲಿಕೆರೆಯಂಥ ಊರಿನವರಿಗೆ ತಾಲ್ಲೂಕು ಆಸ್ಪತ್ರೆಯೆಂದರೆ ಬೇಲೂರು. ಅದಕ್ಕೂ ಮೇಲಿನ ಚಿಕಿತ್ಸೆಗೆ ಹಾಸನ. ಇರುಳಿನಲ್ಲಿ ಸಂಕಟ ಬಂದಾಗ ಯೋಚಿಸುತ್ತ ಕೂರಲಾಗದು. ಆದುದರಿಂದ ಇವನ್ನು ಮೊದಲೇ ತಿಳಿದಿರಬೇಕು:

1. ಸಾಯುವ ಮಾತನಾಡುತ್ತಿದ್ದರೆ, ಯಾರನ್ನಾದರೂ ಘಾಸಿಗೊಳಿಸುವ ಸಂಭವವಿದ್ದರೆ, ಅನ್ನನೀರು ಬಿಟ್ಟಿದ್ದರೆ ಆಸ್ಪತ್ರೆಯೇ ಸರಿ. 108ಕ್ಕೆ ಕರೆ ಮಾಡಿರಿ. ರೋಗಿಯನ್ನು ಒಂಟಿಯಾಗಿ ಬಿಡಬೇಡಿರಿ. ಕೀಟನಾಶಕ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿರಿ.
2. ಜ್ವರ, ಮೂರ್ಛೆ ಅಥವಾ ಕುಡಿತ ಬಿಟ್ಟ ಕೆಲವೇ ದಿನಗಳಲ್ಲಿ ನಡುಕದೊಂದಿಗೆ ಬುದ್ಧಿಭ್ರಮಣೆ ಕಂಡರೆ ಅದು ದೇಹಕ್ಕೆ ಒದಗಿದ ಅಪಾಯವೂ ಹೌದು. ತಡಮಾಡದಿರಿ.
3. ಅಪಾಯವಿಲ್ಲದೆ, ಮಾತ್ರೆ ನುಂಗಲು ಒಪ್ಪಿ, ಜೊತೆಗಿರಲು ಇಬ್ಬರಾದರೂ ಇದ್ದರೆ ವೈದ್ಯರ ಸಲಹೆಯಂತೆ ಮನೆಯಲ್ಲಿಯೇ ಆರೈಕೆ ಸಾಧ್ಯ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾದುದು; ಹಗಲಿರುಳೂ ಲಭ್ಯ; ಕನ್ನಡದಲ್ಲಿಯೂ ಮಾತನಾಡಬಹುದು.

ಕಾನೂನಿನ ರಕ್ಷಣೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ತನಗೆ ಎಂಥ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡಲು, ತನ್ನ ಪರವಾಗಿ ನಿಲ್ಲುವವರನ್ನು ಹೆಸರಿಸಲು ಅವಕಾಶ ನೀಡಿದೆ. ಈ ಹಕ್ಕುಗಳನ್ನು ಅರಿತ ಕುಟುಂಬ ಆಸ್ಪತ್ರೆಯಲ್ಲಿ ಧೈರ್ಯವಾಗಿ, ವಿನಯದಿಂದ ವಿಚಾರಿಸಬಲ್ಲುದು.

ಕೇಳಬೇಕಾದ ಮೂರು ಪ್ರಶ್ನೆಗಳು

ಚೇತರಿಸಿಕೊಂಡವರನ್ನು ಸಾವಧಾನವಾಗಿ ಕೇಳಿರಿ: ನಿಮ್ಮ ಮಾತನ್ನು ಯಾರಾದರೂ ಆಲಿಸಿದರೇ? ಏನು ಮಾಡುತ್ತೇವೆಂದು ಮುಂಚೆಯೇ ತಿಳಿಸಿದರೇ? ಮತ್ತೆ ಹೀಗಾದರೆ ಯಾರು ಜೊತೆಗಿರಬೇಕು, ಎಲ್ಲಿಗೆ ಕರೆದೊಯ್ಯಬೇಕು? ಉತ್ತರಗಳನ್ನು ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿರಿ. ತೃಪ್ತಿಯೆಂದರೆ ಕಾಯಿಲೆ ವಾಸಿಯಾಯಿತೆಂದು ಅರ್ಥವಲ್ಲ. ಮನೆಯವರಿಗೆ ನೆಮ್ಮದಿ ತಂದದ್ದು ರೋಗಿಗೆ ನೋವು ತಂದಿರಲೂಬಹುದು. ಆದುದರಿಂದ ಇಬ್ಬರನ್ನೂ ಬೇರೆಬೇರೆಯಾಗಿ ಕೇಳುವುದು ಉಚಿತ.

ಸದ್ಭಕ್ತರು ತಮ್ಮ ಓಣಿಯಲ್ಲಿ ಇಂಥ ಮನೆಯೊಂದಿದ್ದರೆ ಮರುಕದ ಮಾತಿಗೆ ನಿಲ್ಲದೆ, ಒಂದು ರಾತ್ರಿಯ ಕಾವಲನ್ನು ಹಂಚಿಕೊಳ್ಳಲಿ, ಆಸ್ಪತ್ರೆಯವರೆಗೆ ಜೊತೆಯಾಗಲಿ. ಆ ಕುಟುಂಬಕ್ಕೆ ಅದು ಔಷಧದಷ್ಟೇ ಅವಶ್ಯವಾದ ಆಸರೆ.