ಮನೆಯಂಗಳದ ಪೆಟ್ರೋಲು: ಕಾನೂನಿನ ಅನುಮತಿಯೂ ಅದರ ಮೇರೆಯೂ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದ ಕಳೆ ಮೊಣಕಾಲೆತ್ತರಕ್ಕೆ ಬೆಳೆದು ನಿಂತ ದಿನಗಳಲ್ಲಿ, ಕಳೆ ಕೊಚ್ಚುವ ಯಂತ್ರದ ಟ್ಯಾಂಕಿ ನಡುಹಗಲಿಗೇ ಬರಿದಾಗಿ, ಪೆಟ್ರೋಲ್ ಬಂಕೋ ದೂರದ ಪೇಟೆಯಲ್ಲಿದ್ದು, ಅಂಗಳದಲ್ಲಿ ನಿಂತ ಬೈಕಿನಲ್ಲಿ ಮಾತ್ರ ಸಾಕಷ್ಟು ಪೆಟ್ರೋಲಿರುವಾಗ, ಮನೆಯ ಯಜಮಾನನು ಎರಡು ಮೊಳ ಪೈಪನ್ನು ಟ್ಯಾಂಕಿಗಿಳಿಸಿ ಬಾಯಿಂದ ಎಳೆದು, ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಕೊಳ್ಳುವುದು ಯಾರಿಗೂ ವಿಶೇಷವೆನಿಸದ ದೃಶ್ಯ. ಇಷ್ಟು ಸಾಮಾನ್ಯವಾದ ಈ ಕಾರ್ಯವನ್ನು 1934ರ ಪೆಟ್ರೋಲಿಯಂ ಅಧಿನಿಯಮವು ಆಳುತ್ತಿದೆಯೆಂಬುದನ್ನು ಅರಿತವರು ವಿರಳ. ಅರಿಯದುದರ ಫಲವಾಗಿ, ಒಂದು ಲೀಟರು ಪೆಟ್ರೋಲನ್ನು ಮನೆಯಲ್ಲಿಡುವುದೇ ಅಪರಾಧವೆಂದು ಅಂಜುವವರು ಒಂದು ಕಡೆಯಾದರೆ, ಅಡುಗೆ ಎಣ್ಣೆಯ ಹಳೆಯ ಪ್ಲಾಸ್ಟಿಕ್ ಕ್ಯಾನಿನಲ್ಲಿ ಅದನ್ನು ತುಂಬಿ ಮಲಗುವ ಕೋಣೆಯ ಮಂಚದ ಕೆಳಗೆ ತಳ್ಳಿ ನಿಶ್ಚಿಂತರಾಗಿರುವವರು ಇನ್ನೊಂದು ಕಡೆ. ಇಬ್ಬರಿಗೂ ಕಾನೂನಿನ ಮಾತು ತಲುಪಿಲ್ಲ.

ಆ ಮಾತು ಸರಳವಾಗಿದೆ. ಉಷ್ಣತೆ 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆಯಿದ್ದಾಗಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡತಕ್ಕ ತೈಲಗಳನ್ನು ಈ ಅಧಿನಿಯಮವು 'ಎ' ವರ್ಗಕ್ಕೆ ಸೇರಿಸುತ್ತದೆ. ಪೆಟ್ರೋಲು ಆ ವರ್ಗದ್ದು. ಅಧಿನಿಯಮದ 8ನೆಯ ಪ್ರಕರಣದಂತೆ, ಮಾರಾಟದ ಉದ್ದೇಶವಿಲ್ಲದೆ, ಒಬ್ಬನು ತನ್ನ ವಶದಲ್ಲಿ ಒಟ್ಟು 30 ಲೀಟರಿಗೆ ಮೀರದಂತೆ ಪೆಟ್ರೋಲನ್ನು ಇಟ್ಟುಕೊಳ್ಳಲು ಯಾವ ಲೈಸೆನ್ಸೂ ಬೇಕಿಲ್ಲ. ಆದರೆ ಅದನ್ನು ಭದ್ರವಾದ ಮುಚ್ಚಳವುಳ್ಳ ಗಾಜಿನ, ಪಿಂಗಾಣಿಯ ಅಥವಾ ಲೋಹದ ಪಾತ್ರೆಯಲ್ಲಿ ಇಡತಕ್ಕದ್ದು. ಗಾಜು ಅಥವಾ ಪಿಂಗಾಣಿಯದಾದರೆ ಪಾತ್ರೆಯು 1 ಲೀಟರಿಗೂ, ಲೋಹದ್ದಾದರೆ 25 ಲೀಟರಿಗೂ ಮೀರಿರಕೂಡದು. ಪ್ಲಾಸ್ಟಿಕ್ಕಿನ ಹೆಸರು ಆ ಸಾಲಿನಲ್ಲಿ ಇಲ್ಲವೇ ಇಲ್ಲ. 9ನೆಯ ಪ್ರಕರಣವು ಮೋಟಾರು ವಾಹನದ ಅಥವಾ ಸ್ಥಿರ ಯಂತ್ರದ ಒಡೆಯನಿಗೆ ಇನ್ನಷ್ಟು ಔದಾರ್ಯವನ್ನು ತೋರುತ್ತದೆ: ವಾಹನದ ಟ್ಯಾಂಕಿಯಲ್ಲಿರುವುದು ಲೆಕ್ಕಕ್ಕೆ ಬಾರದು, ಅದಲ್ಲದೆ ಆ ವಾಹನವನ್ನೋ ಯಂತ್ರವನ್ನೋ ನಡೆಸಲೆಂದೇ 100 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಮೂರು ವಾಹನಗಳಿದ್ದರೆ ಮುನ್ನೂರು ಲೀಟರು ಎಂಬ ಲೆಕ್ಕ ಮಾತ್ರ ನಡೆಯದು. ವಾಹನಗಳೆಷ್ಟೇ ಇರಲಿ, ಮಿತಿ ಅಷ್ಟೇ. ಸಂಗ್ರಹವು 30 ಲೀಟರನ್ನು ದಾಟಿದೊಡನೆ, ಜನರು ವಾಸಿಸುವ ಅಥವಾ ಕೆಲಸ ಮಾಡುವ ಕೋಣೆಗೆ ಸಂಪರ್ಕವಿಲ್ಲದ ಪ್ರತ್ಯೇಕ ಸ್ಥಳದಲ್ಲಿ ಅದನ್ನಿಡಬೇಕೆಂಬುದು ಕಟ್ಟಳೆ. ಹಳ್ಳಿಯ ರಸ್ತೆಬದಿಯ ಅಂಗಡಿಗಳಲ್ಲಿ ಬಾಟಲಿಗಳಲ್ಲಿ ತುಂಬಿಟ್ಟು ಮಾರುವ ಪೆಟ್ರೋಲಿಗೆ ಈ ವಿನಾಯಿತಿಗಳು ಅನ್ವಯಿಸುವುದಿಲ್ಲ; ಮಾರಾಟವೆಂದೊಡನೆ ಲೈಸೆನ್ಸು ಬೇಕು.

2002ರ ಪೆಟ್ರೋಲಿಯಂ ನಿಯಮಗಳು ಇದಕ್ಕೆ ಇನ್ನೊಂದು ಬಿಗಿಯನ್ನು ಸೇರಿಸಿವೆ: 'ಎ' ವರ್ಗದ ತೈಲಕ್ಕೆ 1 ಲೀಟರಿಗಿಂತ ದೊಡ್ಡ ಪಾತ್ರೆಯು, ನಾಗಪುರದಲ್ಲಿ ಪ್ರಧಾನ ಕಚೇರಿಯುಳ್ಳ ಕೇಂದ್ರ ಸಂಸ್ಥೆಯ ಮುಖ್ಯಸ್ಥರಾದ ಸ್ಫೋಟಕಗಳ ಮುಖ್ಯ ನಿಯಂತ್ರಕರು ಒಪ್ಪಿದ ಮಾದರಿಯದಾಗಿರಬೇಕು. ಆದುದರಿಂದ ನೀರಿನ ಬಾಟಲಿಯನ್ನು ಮುಂದೆ ಹಿಡಿದವನಿಗೆ ಬಂಕಿನ ಹುಡುಗನು "ಇದಕ್ಕೆ ಹಾಕಕ್ಕಾಗಲ್ಲ ಸಾರ್" ಎಂದರೆ ಅವನ ಮೇಲೆ ಸಿಡುಕುವುದು ತರವಲ್ಲ. ಅವನು ಹೇಳುತ್ತಿರುವುದು ಸರಿ. ಆದರೆ ಒಪ್ಪಿತ ಲೋಹದ ಕ್ಯಾನು ಎಲ್ಲಿ ಸಿಕ್ಕುತ್ತದೆಂಬುದನ್ನು ರೈತನಿಗೆ ಯಾರೂ ಹೇಳದಿರುವುದು ನಮ್ಮ ವ್ಯವಸ್ಥೆಯ ನಿಜವಾದ ಕೊರತೆಯೆಂದು ನಾನು ದೃಢವಾಗಿ ನಂಬಿದ್ದೇನೆ. ನಿಷೇಧಿಸುವ ಕೈಯೇ ಸರಿಯಾದ ಪಾತ್ರೆಯನ್ನೂ ಬಂಕಿನಲ್ಲಿ ನ್ಯಾಯವಾದ ಬೆಲೆಗೆ ಒದಗಿಸಿದರೆ, ಪೈಪು ಬಾಯಿಗೆ ಹೋಗುವ ಪ್ರಸಂಗಗಳಲ್ಲಿ ಬಹುಪಾಲು ತಾನಾಗಿಯೇ ನಿಂತೀತು.

ಕಾನೂನು ಪಾತ್ರೆಯ ವಿಷಯದಲ್ಲಿ ಇಷ್ಟು ನಿಷ್ಠುರವಾಗಿರುವುದೇಕೆಂಬುದು ಪೆಟ್ರೋಲಿನ ಸ್ವಭಾವವನ್ನು ಕಂಡರೆ ತಿಳಿಯುತ್ತದೆ. ಉರಿಯುವುದು ದ್ರವವಲ್ಲ, ಅದರ ಆವಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಸಾಕು, ಅದು ಹೊತ್ತಿಕೊಳ್ಳಬಲ್ಲುದು. ಗಾಳಿಗಿಂತ ಮೂರು ನಾಲ್ಕು ಪಾಲು ಭಾರವಾದುದರಿಂದ ಮೇಲೇರಿ ಚದರದೆ, ಚೆಲ್ಲಿದ ನೀರು ಇಳಿಜಾರನ್ನು ಹುಡುಕುವಂತೆ ನೆಲಕ್ಕಂಟಿಕೊಂಡು ಹರಿಯುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ ಕುಳಿತು ಬಾಟಲಿಗೆ ತುಂಬುತ್ತಿರುವವನಿಗೆ ಹತ್ತು ಹೆಜ್ಜೆಯಾಚೆಯ ಬಚ್ಚಲೊಲೆ ದೂರವೆಂದೇ ತೋರುತ್ತದೆ. ಆದರೆ ಕಣ್ಣಿಗೆ ಕಾಣದ ಆ ಹರಿವು ಹೊಸ್ತಿಲನ್ನು ದಾಟಿ ಒಲೆಯ ಬಾಯಿಯನ್ನು ಮುಟ್ಟಿದ ಕ್ಷಣದಲ್ಲೇ ಜ್ವಾಲೆಯು ಬಂದ ದಾರಿಯಲ್ಲೇ ಹಿಂದಿರುಗಿ ಅವನ ಕೈಯಲ್ಲಿನ ಬಾಟಲಿಯನ್ನು ಸೇರುತ್ತದೆ.

ಆದಕಾರಣ ಪೆಟ್ರೋಲನ್ನು ವರ್ಗಾಯಿಸಲೇಬೇಕಾದರೆ, ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಒಲೆ ದೀಪ ಬೀಡಿಗಳಿಂದ ದೂರವಾಗಿ, ಎರಡೂ ಯಂತ್ರಗಳನ್ನು ನಿಲ್ಲಿಸಿ ಅವು ತಣಿದ ಮೇಲೆಯೇ ಮಾಡತಕ್ಕದ್ದು. ಓಡುತ್ತಿರುವ ಜನರೇಟರಿಗೆ ಸುರಿಯುವುದಂತೂ ಸರ್ವಥಾ ಸಲ್ಲದು. ಕ್ಯಾನನ್ನು ಕಾರಿನ ಸೀಟಿನ ಮೇಲಾಗಲಿ ಪಿಕಪ್ಪಿನ ಹಿಂಭಾಗದಲ್ಲಾಗಲಿ ಇಟ್ಟು ತುಂಬಬಾರದು; ಅಲ್ಲಿ ಘರ್ಷಣೆಯಿಂದ ಹುಟ್ಟಿದ ವಿದ್ಯುತ್ತು ಭೂಮಿಗಿಳಿಯಲು ದಾರಿ ಕಾಣದೆ ಕಿಡಿಯಾಗುತ್ತದೆ. ನೆಲದ ಮೇಲಿಟ್ಟು, ಸುರಿಯುವ ಕೊಳವೆಯ ತುದಿಯನ್ನು ಕ್ಯಾನಿನ ಅಂಚಿಗೆ ತಾಗಿಸಿಯೇ ಹಿಡಿದು, ನಿಧಾನವಾಗಿ ತುಂಬಿ, ಆವಿ ಹಿಗ್ಗಲು ಮೇಲೆ ಸ್ವಲ್ಪ ಜಾಗವನ್ನುಳಿಸಬೇಕು. ಕಾರ್ಬುರೇಟರಿನ ಹಳೆಯ ಬೈಕಾದರೆ ಟ್ಯಾಂಕಿಯ ಕೆಳಗಿನ ಕಾಕ್ ಮುಚ್ಚಿ, ಪೈಪನ್ನು ಕಳಚಿ, ಕ್ಯಾನನ್ನು ಕೆಳಗಿಟ್ಟು ಮೆಲ್ಲನೆ ತೆರೆದರೆ ಎಳೆಯುವ ಪ್ರಮೇಯವೇ ಇಲ್ಲ. ಮಿಕ್ಕೆಡೆಗಳಲ್ಲಿ ಕೈಯಿಂದ ಒತ್ತುವ ಪಂಪು ಬೇಕು, ಬಾಯಿ ಬೇಡವೇ ಬೇಡ. ಅಕಸ್ಮಾತ್ತಾಗಿ ನುಂಗಿದವನಿಗೆ ವಾಂತಿ ಮಾಡಿಸಲೂ ಬಾರದು. ಹೊಟ್ಟೆಯಿಂದ ಮೇಲೇರಿದ ಪೆಟ್ರೋಲು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಕ್ಕೇ ಸಂಚಕಾರ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.



ಅವಘಡ ಸಂಭವಿಸಿದರೆ ಏನು? ಪ್ರಾಣಹಾನಿಯೋ ತೀವ್ರ ಹಾನಿಯೋ ಆದಲ್ಲಿ ಸಮೀಪದ ಪೊಲೀಸ್ ಠಾಣೆಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ, ಜೊತೆಗೆ ಸ್ಫೋಟಕಗಳ ಮುಖ್ಯ ನಿಯಂತ್ರಕರಿಗೆ ಕೂಡಲೇ ತಿಳಿಸುವ ಹೊಣೆಯನ್ನು ಪೆಟ್ರೋಲಿಯಂ ಅಧಿನಿಯಮದ 27ನೆಯ ಪ್ರಕರಣವು ಆ ತೈಲವನ್ನು ವಶದಲ್ಲಿಟ್ಟುಕೊಂಡಿದ್ದವನ ಮೇಲೆಯೇ ಹೊರಿಸುತ್ತದೆ. ಬೆಂಕಿ ಅಥವಾ ದಹ್ಯವಸ್ತುವಿನೊಡನೆ ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ವರ್ತಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 287ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆವಾಸವುಂಟು. ಒಬ್ಬರು ಸತ್ತರೆ 106ನೆಯ ಪ್ರಕರಣದಂತೆ ಅದು ಐದು ವರ್ಷಗಳವರೆಗೆ ಹೋಗಬಹುದು. ಚೆಲ್ಲಿದವನು ನಾನಾದರೂ ಬೀಡಿ ಹೊತ್ತಿಸಿದವನು ಇನ್ನೊಬ್ಬನೆಂಬ ವಾದ ಎಲ್ಲೆಡೆಯೂ ನಿಲ್ಲುವುದಿಲ್ಲ. 1987ರ ಅಕ್ಟೋಬರ್ 29ರ ನಸುಕಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಜಿಲ್ಲೆಯಲ್ಲಿ ಮಗುಚಿಬಿದ್ದ ಪೆಟ್ರೋಲ್ ಟ್ಯಾಂಕರು ಕೆಲವು ಗಂಟೆಗಳ ತರುವಾಯ, ಸುತ್ತಣ ಜನರು ನೆರೆದಿದ್ದಾಗ ಸಿಡಿದು ಹಲವರು ಮಡಿದರು. ಅಪಘಾತವೇ ಬೇರೆ, ಸ್ಫೋಟವೇ ಬೇರೆ ಎಂಬ ವಾದವನ್ನು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಸೋರಿಕೆಯಿಂದ ಸ್ಫೋಟದವರೆಗಿನದು ವಾಹನದ ಬಳಕೆಯಿಂದಲೇ ಹುಟ್ಟಿದ ಪರಂಪರೆಯೆಂದು ಮೃತರ ಕುಟುಂಬದ ಪರಿಹಾರವನ್ನು ಎತ್ತಿಹಿಡಿಯಿತು.

ಬೆಂಕಿಯಿಂದ ಹಾನಿಗೊಂಡ ನೆರೆಯವನು ಯಾವ ಠಾಣೆಯಲ್ಲಿಯಾದರೂ ದೂರು ಕೊಡಬಹುದು. ಠಾಣೆಯ ವ್ಯಾಪ್ತಿಯ ನೆಪವನ್ನೊಡ್ಡಿ ಅವನನ್ನು ಹಿಂದಕ್ಕೆ ಕಳುಹಿಸುವಂತಿಲ್ಲ, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣವು ಹೀಗೆ ವಿಧಿಸುತ್ತದೆ. ನಷ್ಟಪರಿಹಾರಕ್ಕೆ ಸಿವಿಲ್ ನ್ಯಾಯಾಲಯದ ಬಾಗಿಲು ಬೇರೆಯೇ ತೆರೆದಿದೆ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಕೂಲಿಯವನ ಸ್ಥಿತಿ. ಪೈಪನ್ನು ಬಾಯಿಗಿಡುವ ಕೆಲಸ ಬಹುಮಟ್ಟಿಗೆ ಯಜಮಾನನದಲ್ಲ, ಕೆಲಸಕ್ಕೆ ಬಂದ ಹುಡುಗನದು. ಹದಿನೆಂಟು ತುಂಬದವನನ್ನು ದಹ್ಯವಸ್ತುಗಳ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಗೊಂಡ ಬಾಲಕಾರ್ಮಿಕ ಅಧಿನಿಯಮವು ನಿಷೇಧಿಸಿದೆ. ವಯಸ್ಕನೇ ಆದರೂ, ಯಂತ್ರದ ಕೆಲಸಕ್ಕೆಂದು ನೇಮಕಗೊಂಡು ಆ ಕೆಲಸದಲ್ಲಿ ಸುಟ್ಟುಕೊಂಡವನಿಗೆ ಒಡೆಯನಿಂದ ಪರಿಹಾರವನ್ನು ಕೇಳುವ ಹಕ್ಕುಂಟು. 1923ರ ಅಧಿನಿಯಮದಲ್ಲಿದ್ದ ಈ ಹಕ್ಕು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ, ಅರ್ಜಿಯನ್ನು ಅವಘಡವಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಕಾಗಿಲ್ಲ: ಸ್ತ್ರೀಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ನಿಗದಿತ ವರಮಾನಕ್ಕಿಂತ ಕಡಮೆಯುಳ್ಳವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಸಾಮಾನ್ಯವಾಗಿ ಇರುವ ಆ ಕಚೇರಿಗೆ ಬಿಳಿಹಾಳೆಯ ಮೇಲೆ ಬರೆದ ಅರ್ಜಿ ಸಾಕು. ಹೋಗಲಾಗದವರು 15100 ಸಂಖ್ಯೆಗೆ ಕರೆ ಮಾಡಬಹುದು.